ಬೂಸ್ಟ್‌ಗೆ ಕಾವಲು ಯಾರು? ಟರ್ಬೊ ಡೀಸೆಲ್ ಇತಿಹಾಸ, ಮದ್ದೂರು ಚೆಕ್‌ಪೋಸ್ಟಿಂದ

ಭಾಗ 1/9: ವಡೆ ಮದ್ದೂರಲ್ಲ

ಮದ್ದೂರು ಅಂದ ಕೂಡಲೇ ವಡೆ ನೆನಪಾಯ್ತಾ? ಅದು ಮಂಡ್ಯದ ಮದ್ದೂರು ಕಣ್ರಪ್ಪ. ನಮ್ಮದು ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರು. ಫೋಟೋದಲ್ಲಿರೋ ರೋಡು ರಾಷ್ಟ್ರೀಯ ಹೆದ್ದಾರಿ 766. ಹಳಬರ ಬಾಯಲ್ಲಿ ಇನ್ನೂ 212. ಮದ್ದೂರು ಚೆಕ್‌ಪೋಸ್ಟ್ ದಾಟಿದರೆ ಬಂಡೀಪುರದ ಕಾಡು, ಆಮೇಲೆ ಮುತ್ತಂಗ, ಬತ್ತೇರಿ, ಕೊನೆಗೆ ತಾಮರಶ್ಶೇರಿ ಘಾಟಿಯ 9 ಹೇರ್‌ಪಿನ್ ತಿರುವು ಇಳಿದು ಕೋಯಿಕ್ಕೋಡ್.

2009ರಲ್ಲಿ ಈ ಕಾಡುರಸ್ತೆಗೆ ರಾತ್ರಿ ಸಂಚಾರ ನಿಷೇಧ ಬಂತು. 2010ರಲ್ಲಿ ಹೈಕೋರ್ಟ್ ಕೂಡ ಅದನ್ನ ಎತ್ತಿಹಿಡೀತು. ರಾತ್ರಿ 9ಕ್ಕೆ ಗೇಟು ಬಿದ್ದರೆ ಮತ್ತೆ ತೆಗೆಯೋದು ಬೆಳಗ್ಗೆ 6ಕ್ಕೆ. ಟೊಮೆಟೊ, ಕೋಸು, ಬೀನ್ಸ್, ಬಾಳೆ ತುಂಬಿಕೊಂಡ ಗಾಡಿಗೆ ಆ 9 ಗಂಟೆ ಅನ್ನೋದು ಎಕ್ಸಾಮ್ ಹಾಲಿನ ಕೊನೇ ಬೆಲ್ ಇದ್ದಂಗೆ.

ಅದಕ್ಕೇ ಇರಬೇಕು, ನನ್ನ ಡಿಎಂನಲ್ಲಿ ಒಂದೇ ಪ್ರಶ್ನೆ ತಿರುಗಿ ತಿರುಗಿ ಬರ್ತಿದೆ: "ನಮ್ಮ ಪಿಕಪ್‌ಗೆ ಎಲೆಕ್ಟ್ರಾನಿಕ್ ಬೂಸ್ಟ್ ಕಂಟ್ರೋಲರ್ ಹಾಕ್ಸಿದ್ರೆ ಘಾಟಿ ಸಲೀಸಾ ಗುರು?"

ಹೂಂ, ಉಹೂಂ ಅಂತ ಒಂದೇ ಮಾತಲ್ಲಿ ಹೇಳಬಹುದಿತ್ತು. ಆದರೆ ಈ ಡಬ್ಬಿ ಯಾಕೆ ಹುಟ್ಟಿತು, ಯಾವ ಗಾಡಿಗೆ ಹುಟ್ಟಿತು ಅಂತ ಗೊತ್ತಾದರೆ ಉತ್ತರ ನಿಮಗೇ ಸಿಗುತ್ತೆ. ಮನೆ ಗಾಡಿ, ಮನೆ ಇಎಂಐ ವಿಷಯ. ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ.

ಭಾಗ 2/9: ಹೊಗೆಯಲ್ಲಿ ಹೋಗ್ತಿದ್ದ ಶಕ್ತಿ

ಸುಟ್ಟ ಡೀಸೆಲ್ ಶಕ್ತಿಯ ದೊಡ್ಡ ಪಾಲು ಸೈಲೆನ್ಸರಲ್ಲಿ ಬಿಸಿಗಾಳಿಯಾಗಿ ಆಚೆ ಹೋಗುತ್ತೆ. ಈ ದಂಡವನ್ನ ನೋಡಿ ತಲೆ ಕೆಡಿಸಿಕೊಂಡವನು ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ. ಅವನ ಯೋಚನೆ ಸರಳ. ಆಚೆ ಹೋಗೋ ಬಿಸಿ ಹೊಗೆಯಿಂದ ಒಂದು ಚಕ್ರ ತಿರುಗಿಸು. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನ ಒತ್ತಿ ಎಂಜಿನ್ನಿಗೆ ತುಂಬಲಿ. 1905ರಲ್ಲಿ ಪೇಟೆಂಟ್ ಆಯ್ತು. ಆದರೆ ಅಷ್ಟು ಬಿಸಿ ತಡೆಯೋ ಲೋಹ ಆಗ ಇರಲಿಲ್ಲ. ಕೈಗೆ ಸಿಕ್ಕೋ ಫಲಕ್ಕೆ ಸುಮಾರು 20 ವರ್ಷ ಕಾಯಬೇಕಾಯ್ತು. 1920ರ ದಶಕದಲ್ಲಿ ಜರ್ಮನಿಯ ಎರಡು ಪ್ರಯಾಣಿಕರ ಹಡಗುಗಳ ಡೀಸೆಲ್ ಎಂಜಿನ್‌ಗೆ ಟರ್ಬೊ ಕೂರಿಸಿದರು. ಶಕ್ತಿ 1,750ರಿಂದ 2,500 ಅಶ್ವಶಕ್ತಿಗೆ ಏರಿತು.

ಈ ಮಧ್ಯೆ ಅಮೆರಿಕದಲ್ಲಿ ಬೇರೆ ತಲೆನೋವು. ಮೇಲೆ ಹಾರಿದಂತೆ ಗಾಳಿ ತೆಳುವಾಗಿ ವಿಮಾನದ ಎಂಜಿನ್ ಸೋತುಹೋಗ್ತಿತ್ತು. 1918ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ಸ್ಯಾನ್‌ಫರ್ಡ್ ಮಾಸ್ ಅನ್ನೋರು ಎಂಜಿನ್ ಜೊತೆ ಟರ್ಬೊವನ್ನ ಪೈಕ್ಸ್ ಪೀಕ್ ಬೆಟ್ಟದ ತುದಿಗೆ, ಸುಮಾರು 4,300 ಮೀಟರ್ ಎತ್ತರಕ್ಕೆ ಹೊತ್ತೊಯ್ದು ಪರೀಕ್ಷೆ ಮಾಡಿದರು. ಕಳೆದುಹೋದ ಶಕ್ತಿ ವಾಪಸ್ ಬಂತು.

ನಮ್ಮ ಲೆಕ್ಕಕ್ಕೆ ತಂದು ನೋಡಿ. ಹಿಮವದ್ ಗೋಪಾಲಸ್ವಾಮಿ ಬೆಟ್ಟ ಸುಮಾರು 1,450 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಹೆಚ್ಚುಕಮ್ಮಿ 15% ಕಮ್ಮಿ. ಟರ್ಬೊ ಇಲ್ಲದ ಎಂಜಿನ್ ಅಷ್ಟು ಉಸಿರು ಕಳ್ಕೊಂಡೇ ಮೇಲೆ ಹತ್ತಬೇಕು. ಅಂದರೆ ಟರ್ಬೊ ಅನ್ನೋದು ಮೊದಲಿಂದಲೂ ಬೆಟ್ಟದ ಕಥೆನೇ. 1938ರಲ್ಲಿ ಮೊದಲ ಟರ್ಬೊ ಡೀಸೆಲ್ ಲಾರಿ ಮಾಡಿದ್ದೂ ಬೆಟ್ಟದ ದೇಶದ ಕಂಪನಿಯೇ, ಸ್ವಿಟ್ಜರ್ಲೆಂಡಿನ ಸೌರರ್.

ಭಾಗ 3/9: ಮೊದಲ ಕಾವಲುಗಾರ, ಒಂದು ಸ್ಪ್ರಿಂಗು

ಟರ್ಬೊಗೆ ಒಂದು ಕೆಟ್ಟ ಗುಣ ಇದೆ. ಗಾಳಿ ಜಾಸ್ತಿ ಹೋದರೆ ಜಾಸ್ತಿ ಇಂಧನ ಸುಡಬಹುದು. ಜಾಸ್ತಿ ಸುಟ್ಟರೆ ಹೊಗೆ ಜಾಸ್ತಿ. ಹೊಗೆ ಜಾಸ್ತಿ ಆದರೆ ಟರ್ಬೊ ಇನ್ನೂ ಜೋರು, ಮತ್ತೆ ಗಾಳಿ ಜಾಸ್ತಿ. ತಡೆಯೋರಿಲ್ಲದೆ ಬಿಟ್ಟರೆ ಮೀಟರ್ ಬಡ್ಡಿ ಥರ ಬೆಳೀತಾ ಹೋಗುತ್ತೆ. ಸಣ್ಣ ಟರ್ಬೊಗಳ ಚಕ್ರ ನಿಮಿಷಕ್ಕೆ 2 ಲಕ್ಷ ಸುತ್ತಿನ ಹತ್ತಿರ ಹೋಗುತ್ತೆ. ಅಲ್ಲಿಂದ ಮೇಲಕ್ಕೆ ಹೋದರೆ ಪುಡಿಪುಡಿ.

ಅದಕ್ಕೆ ಬೇಕಾದದ್ದು ಕಾವಲು. ಅದೇ ವೇಸ್ಟ್‌ಗೇಟ್. ಹೊಗೆ ಟರ್ಬೊ ಚಕ್ರಕ್ಕೆ ಹೋಗೋ ಮೊದಲು ಒಂದು ಪುಟ್ಟ ಬಾಗಿಲು. ಆ ಬಾಗಿಲಿಗೆ ಒಂದು ಕಡ್ಡಿ, ಕಡ್ಡಿಗೆ ಒಂದು ಡಬ್ಬಿ. ಡಬ್ಬಿ ಒಳಗೆ ರಬ್ಬರ್ ಪದರ ಮತ್ತು ಸ್ಪ್ರಿಂಗು. ಬೂಸ್ಟ್, ಅಂದರೆ ಒತ್ತಿ ತುಂಬಿದ ಗಾಳಿಯ ಒತ್ತಡ, ಒಂದು ಸಣ್ಣ ಹೋಸಿನಲ್ಲಿ ಬಂದು ಆ ಪದರವನ್ನ ತಳ್ಳುತ್ತೆ. ಸ್ಪ್ರಿಂಗು ಸೋತರೆ ಬಾಗಿಲು ತೆಗೆಯುತ್ತೆ, ಹೊಗೆ ಪಕ್ಕದಿಂದ ಆಚೆ ಹೋಗುತ್ತೆ, ಟರ್ಬೊ ತಣ್ಣಗಾಗುತ್ತೆ. ಕರೆಂಟಿಲ್ಲ, ಕಂಪ್ಯೂಟರಿಲ್ಲ.

1962ರಲ್ಲಿ ಟರ್ಬೊ ಇರೋ ಮೊದಲ ಕಾರುಗಳು ಅಮೆರಿಕದ ಮಾರುಕಟ್ಟೆಗೆ ಬಂದವು. ಅದರಲ್ಲಿ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಅನ್ನೋ ಪೆಟ್ರೋಲ್ ಕಾರಿಗೆ ನೀರು ಮತ್ತು ಮೆಥನಾಲ್ ಬೆರೆಸಿದ ಒಂದು ದ್ರವ ಹಾಕ್ತಾ ಇರಬೇಕಿತ್ತು, ಇಲ್ಲದಿದ್ದರೆ ಎಂಜಿನ್ ಟಕಟಕ ಬಡಿಯುತ್ತೆ. ಜನ ದ್ರವ ಹಾಕೋದನ್ನೇ ಮರೆತರು. ಕೊನೆಗೆ ಎಷ್ಟೋ ಕಾರುಗಳ ಟರ್ಬೊವನ್ನ ಡೀಲರುಗಳೇ ಬಿಚ್ಚಿ ಕೊಟ್ಟರು. ಮಾಲೀಕನ ನೆನಪಿನ ಮೇಲೆ ನಿಂತ ಕಾವಲು ಎಷ್ಟು ದಿನ ಬಾಳುತ್ತೆ ಅಂತ ಅಲ್ಲೇ ಗೊತ್ತಾಯ್ತು.

ಡೀಸೆಲ್ ಕಾರಿಗೆ ಟರ್ಬೊ ಬಂದದ್ದು 1978ರಲ್ಲಿ, ಮರ್ಸಿಡಿಸ್ 300 ಎಸ್‌ಡಿ. ಅಲ್ಲಿಂದ ಮುಂದೆ ಡೀಸೆಲ್ ದಾರಿ, ಪೆಟ್ರೋಲ್ ದಾರಿ ಬೇರೆ ಬೇರೆ. ಗಮನ ಇಡಿ, ನಮ್ಮ ಪ್ರಶ್ನೆಯ ಗಂಟು ಇರೋದು ಇಲ್ಲೇ.

ಭಾಗ 4/9: ಡಬ್ಬಿ ಹುಟ್ಟಿದ್ದು ಪೆಟ್ರೋಲಿಗೆ

1977ರಲ್ಲಿ ರೆನೊ ಫಾರ್ಮುಲಾ 1ಗೆ ಟರ್ಬೊ ತಂದಿತು. ಮೊದಮೊದಲು ಹೊಗೆ ಉಗುಳಿ ನಿಂತುಹೋಗ್ತಿದ್ದ ಕಾರು, ಕೆಲವೇ ವರ್ಷದಲ್ಲಿ ಎಲ್ಲರೂ ಅದನ್ನೇ ಹಿಂಬಾಲಿಸಿದರು. ಡ್ರೈವರ್ ಕೈಗೆ ಬೂಸ್ಟ್ ತಿರುಗಿಸೋ ಗುಂಡಿ ಬಂತು. ಓವರ್‌ಟೇಕ್ ಬೇಕಾ, ತಿರುಗಿಸು. ಎಂಜಿನ್ ಸುಟ್ಟುಹೋದರೆ ನಾಳೆ ಇನ್ನೊಂದು. ಕೊನೆಗೆ ನಿಯಮ ಮಾಡೋರೇ ಭಯಪಟ್ಟು 1987ರಲ್ಲಿ 4 ಬಾರ್, 1988ರಲ್ಲಿ 2.5 ಬಾರ್ ಅಂತ ಮಿತಿ ಹಾಕಿ, 1989ಕ್ಕೆ ಟರ್ಬೊವನ್ನೇ ನಿಷೇಧಿಸಿದರು.

ಅದೇ ಕಾಲದಲ್ಲಿ ಸ್ವೀಡನ್ನಿನ ಸಾಬ್ ಕಂಪನಿ ಜಾಣತನದ ಕೆಲಸ ಮಾಡಿತು. ಎಂಜಿನ್ ಬಡಿತವನ್ನ ಕೇಳಿಸಿಕೊಳ್ಳೋ ಒಂದು ಸೆನ್ಸರ್, ಒತ್ತಡ ಅಳೆಯೋ ಇನ್ನೊಂದು, ವೇಸ್ಟ್‌ಗೇಟ್ ಹೋಸಿಗೆ ಕರೆಂಟಿನ ವಾಲ್ವ್. ಪೆಟ್ರೋಲ್ ಚೆನ್ನಾಗಿದ್ದರೆ ಬೂಸ್ಟ್ ಏರಿಸು, ಬಡಿತ ಕೇಳಿದರೆ ತಕ್ಷಣ ಇಳಿಸು. ಎಪಿಸಿ ಅಂತ ಅದರ ಹೆಸರು. ಕಾವಲಿಗೆ ಕಿವಿ ಬಂದದ್ದು ಆಗ.

ಸ್ಕೈಲೈನ್, ಸುಪ್ರಾ ಅಂತ ವಾಲ್‌ಪೇಪರ್ ಹಾಕಿಕೊಂಡಿರೋ ಹುಡುಗರಿಗೆ ಮುಂದಿನದು ಗೊತ್ತಿರುತ್ತೆ. ಜಪಾನಿನ ಕಾರು ಕಂಪನಿಗಳು 280 ಪಿಎಸ್‌ಗಿಂತ ಜಾಸ್ತಿ ಶಕ್ತಿ ತೋರಿಸಲ್ಲ ಅಂತ ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡಿದ್ದವು. 2004ರ ತನಕ ನಡೀತು. ಎಂಜಿನ್ ಗಟ್ಟಿ, ಬೂಸ್ಟ್ ಮಾತ್ರ ಕಟ್ಟಿಹಾಕಿದ್ದು. ಆ ಕಟ್ಟು ಬಿಚ್ಚೋಕೆ ಎಚ್‌ಕೆಎಸ್, ಗ್ರೆಡ್ಡಿ ಥರದ ಬ್ರ್ಯಾಂಡುಗಳು ಡ್ಯಾಶ್‌ಬೋರ್ಡಲ್ಲಿ ಕೂರೋ ಎಲೆಕ್ಟ್ರಾನಿಕ್ ಬೂಸ್ಟ್ ಕಂಟ್ರೋಲರ್ ಮಾರಿದವು.

ಅದರ ಕೆಲಸ ಇಷ್ಟೇ: ಸ್ಪ್ರಿಂಗ್ ಡಬ್ಬಿಗೆ ಹೋಗೋ ಹೋಸಿನ ಮಧ್ಯೆ ಒಂದು ಸೊಲೆನಾಯ್ಡ್ ವಾಲ್ವ್ ಕೂತು, ಸೆಕೆಂಡಿಗೆ ಎಷ್ಟೋ ಸಲ ತೆಗೆದು ಮುಚ್ಚಿ, ಒತ್ತಡದ ಒಂದು ಪಾಲನ್ನ ಆಚೆ ಬಿಡುತ್ತೆ. ಸ್ಪ್ರಿಂಗಿಗೆ ಬೂಸ್ಟ್ ಕಮ್ಮಿ ಇದೆ ಅನ್ನಿಸುತ್ತೆ, ಬಾಗಿಲು ತೆಗೆಯೋದು ತಡ ಆಗುತ್ತೆ. ನೇರವಾಗಿ ಹೇಳಬೇಕಂದ್ರೆ, ಕಾವಲುಗಾರನಿಗೆ ಸುಳ್ಳು ಹೇಳೋ ಯಂತ್ರ.

ಭಾಗ 5/9: ಡೀಸೆಲ್ ಜಾತಿಯೇ ಬೇರೆ

ಪೆಟ್ರೋಲ್ ಎಂಜಿನ್‌ನಲ್ಲಿ ಗಾಳಿಗೂ ಪೆಟ್ರೋಲಿಗೂ ಒಂದು ಕಟ್ಟುನಿಟ್ಟಿನ ಅಳತೆ. ಗಾಳಿ ಏರಿದರೆ ಅದಕ್ಕೆ ತಕ್ಕ ಪೆಟ್ರೋಲ್ ಹೋಗಲೇಬೇಕು, ಶಕ್ತಿ ಏರುತ್ತೆ. ಅದಕ್ಕೇ ಅಲ್ಲಿ ಬೂಸ್ಟ್ ಅಂದರೆ ಪವರ್.

ಡೀಸೆಲ್‌ನಲ್ಲಿ ಹಂಗಲ್ಲ. ಗಾಳಿ ಯಾವಾಗಲೂ ಬೇಕಾದ್ದಕ್ಕಿಂತ ಜಾಸ್ತಿನೇ ಒಳಗೆ ಹೋಗುತ್ತೆ. ಶಕ್ತಿ ಎಷ್ಟು ಅಂತ ತೀರ್ಮಾನ ಮಾಡೋದು ಎಷ್ಟು ಡೀಸೆಲ್ ಸಿಂಪಡಿಸಿದೆ ಅನ್ನೋದು. ಬೂಸ್ಟ್ ಮಾತ್ರ ಏರಿಸಿ ಡೀಸೆಲ್ ಅಷ್ಟೇ ಬಿಟ್ಟರೆ ಹೊಗೆ ಸ್ವಲ್ಪ ಕಮ್ಮಿ, ಎಕ್ಸಾಸ್ಟ್ ಬಿಸಿ ಸ್ವಲ್ಪ ಕಮ್ಮಿ. ಆದರೆ ಘಾಟಿ ಹತ್ತೋಕೆ ಹೊಸ ಶಕ್ತಿ ಹೆಚ್ಚೇನೂ ಬರಲ್ಲ. ಸೊಪ್ಪು ಹಾಕದೆ ಸಾರಿಗೆ ನೀರು ಸುರಿದಂಗೆ.

ಹಳೇ ಎಂಜಿನ್ನುಗಳಲ್ಲಿ ಇದನ್ನ ಚೆಂದವಾಗಿ ಬಗೆಹರಿಸಿದ್ದರು. ಟರ್ಬೊ ಡೀಸೆಲ್ ಪಂಪಿನ ಮೇಲೆ ಒಂದು ಬೂಸ್ಟ್ ಡಬ್ಬಿ. ಬೂಸ್ಟ್ ಬಂದ ಮೇಲೆ ಮಾತ್ರ ಅದರ ಪದರ ಒತ್ತಿ, ಜಾಸ್ತಿ ಡೀಸೆಲ್‌ಗೆ ಅನುಮತಿ ಕೊಡ್ತಿತ್ತು. ಗಾಳಿ ಮುಂದೆ, ಡೀಸೆಲ್ ಹಿಂದೆ. ನಮ್ಮ ಕರ್ನಾಟಕಕ್ಕೂ ಪಂಪಿನ ಈ ಕಥೆಗೂ ನಂಟಿದೆ. ಬೆಂಗಳೂರು ಆಡುಗೋಡಿಯ ಮೈಕೋ ಕಾರ್ಖಾನೆ ದಶಕಗಟ್ಟಲೆ ದೇಶದ ಡೀಸೆಲ್ ಗಾಡಿಗಳಿಗೆ ಇಂಜೆಕ್ಷನ್ ಪಂಪ್ ಮಾಡಿಕೊಟ್ಟಿತು. 1951ರಲ್ಲಿ ಶುರುವಾದ ಆ ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಅಂತ ಹೆಸರು ಬದಲಿಸಿಕೊಂಡರೂ ಬೆಂಗಳೂರಿನ ಬಸ್ಸಿನಲ್ಲಿ ಇವತ್ತಿಗೂ "ಮೈಕೋ ಲೇಔಟ್" ಅಂತಲೇ ಕೂಗೋದು.

ಈಗಿನ ಕಾಮನ್ ರೈಲ್ ಗಾಡಿಯಲ್ಲಿ ಆ ಅನುಮತಿ ಕೊಡೋದು ಇಸಿಯು. ಎಷ್ಟು ಗಾಳಿ ಬಂತು, ಎಷ್ಟು ಟಾರ್ಕ್ ಕೊಡಬಹುದು ಅಂತ ನೋಡಿ ಡೀಸೆಲ್ ಬಿಡುತ್ತೆ. ಹೊರಗಿಂದ ಬೂಸ್ಟ್ ಏರಿಸಿದರೆ "ನಾನು ಕೇಳಿದ್ದು ಇಷ್ಟು, ಬಂದದ್ದು ಅಷ್ಟು" ಅಂತ ಚೆಕ್ ಲೈಟ್ ಹಾಕಿ, ಗಾಡಿಯನ್ನ ಲಿಂಪ್ ಮೋಡಿಗೆ ತಳ್ಳುತ್ತೆ. ಪವರ್ ಬೇಕು ಅಂತ ಹಾಕಿಸಿದವನು ಕಾಡಿನ ಮಧ್ಯೆ ತೆವಳಬೇಕು.

ಭಾಗ 6/9: ನಮ್ಮ ರೋಡಿಗೆ ಟರ್ಬೊ ಬಂದ ದಾರಿ

ನಮ್ಮ ತಾತಂದಿರ ಕಾಲದ ಲಾರಿಗೆ ಟರ್ಬೊ ಇರಲಿಲ್ಲ. ದೊಡ್ಡ ಎಂಜಿನ್, ಕಮ್ಮಿ ಶಕ್ತಿ, ಏರಿನಲ್ಲಿ ಫಸ್ಟ್ ಗೇರ್. 1993ರಲ್ಲಿ ಟಾಟಾ ಮತ್ತು ಕಮ್ಮಿನ್ಸ್ ಸೇರಿ ಜಮ್‌ಶೆಡ್‌ಪುರದಲ್ಲಿ ಕಂಪನಿ ಮಾಡಿದ ಮೇಲೆ ಲಾರಿಗಳಲ್ಲಿ ಟರ್ಬೊ ಸದ್ದು ಜಾಸ್ತಿ ಆಯ್ತು. 1998ರಲ್ಲಿ ಟಾಟಾ ಸಫಾರಿ, 2002ರಲ್ಲಿ ಸ್ಕಾರ್ಪಿಯೊ. ನಮ್ಮ ಹೊಸಕೋಟೆಯಲ್ಲಿ ವೋಲ್ವೊ.

ಬಿಡದಿಯ ಕಥೆ ಇನ್ನೂ ಸ್ಪಷ್ಟ. 2000ದಲ್ಲಿ ಬಂದ ಕ್ವಾಲಿಸ್: 2.4 ಲೀಟರ್, ಟರ್ಬೊ ಇಲ್ಲ, 75 ಪಿಎಸ್. 2005ರಲ್ಲಿ ಅದರ ಜಾಗಕ್ಕೆ ಬಂದ ಇನೋವಾ: 2.5 ಲೀಟರ್, ಟರ್ಬೊ ಮತ್ತು ಕಾಮನ್ ರೈಲ್, 102 ಪಿಎಸ್. ಒಂದೇ ಫ್ಯಾಕ್ಟರಿ, ಐದೇ ವರ್ಷ.

ಹೊಗೆ ನಿಯಮಗಳೂ ಜೊತೆಗೆ ತಳ್ಳಿದವು. ದೇಶಕ್ಕೆಲ್ಲ ಬಿಎಸ್ 3 ಬಂದದ್ದು 2010ರಲ್ಲಿ, ಬಿಎಸ್ 4 2017ರಲ್ಲಿ, ಬಿಎಸ್ 6 2020ರಲ್ಲಿ. ಟರ್ಬೊ ಇಲ್ಲದೆ ಡೀಸೆಲ್ ಗಾಡಿ ಮಾರೋದೇ ಕಷ್ಟ ಆಯ್ತು.

ಈಗ ಒಂದು ಲೆಕ್ಕ ನೋಡಿ. 2007ರ ಸ್ವಿಫ್ಟ್ ಡೀಸೆಲ್‌ನಲ್ಲಿದ್ದ ಫಿಯೆಟ್ ವಿನ್ಯಾಸದ 1248 ಸಿಸಿ ಎಂಜಿನ್ 75 ಪಿಎಸ್. ಅದೇ 1248 ಸಿಸಿ, 2011ರ ಎಸ್‌ಎಕ್ಸ್4ನಲ್ಲಿ 90 ಪಿಎಸ್. 15 ಎಲ್ಲಿಂದ ಬಂತು? ಟರ್ಬೊ ಒಳಗೇ ರೆಕ್ಕೆಗಳು ತಿರುಗೋ ಬೇರೆ ಜಾತಿಯ ಟರ್ಬೊ, ಅದನ್ನ ವಿಜಿಟಿ ಅಂತಾರೆ, ಮತ್ತು ಅದಕ್ಕೆ ಹೊಂದೋ ಡೀಸೆಲ್ ಲೆಕ್ಕ. ಎಂಜಿನ್ ಮಾಡಿದವರೇ ಗಾಳಿ, ಡೀಸೆಲ್, ಟರ್ಬೊ ಮೂರನ್ನೂ ಒಟ್ಟಿಗೆ ಬದಲಿಸಿ 15 ತಂದರು. ಒಂದು ಹೋಸಿಗೆ ಒಂದು ವಾಲ್ವ್ ಸಿಕ್ಕಿಸಿ "ಮಿನಿಮಮ್ 30 ಗ್ಯಾರಂಟಿ" ಅಂತ ಯಾರಾದರೂ ರೀಲ್ಸ್‌ನಲ್ಲಿ ಹೇಳಿದರೆ ಈ 15 ನೆನಪಿರಲಿ.

ಇನ್ನೊಂದು ಗೊಂದಲ. ಟ್ಯೂನಿಂಗ್ ಬಾಕ್ಸ್ ಬೇರೆ, ಬೂಸ್ಟ್ ಕಂಟ್ರೋಲರ್ ಬೇರೆ. ಬೆಂಗಳೂರಿನ ರೇಸ್ ಡೈನಾಮಿಕ್ಸ್‌ನ ಡೀಸೆಲ್‌ಟ್ರಾನಿಕ್ ಥರದವು ಸೆನ್ಸರ್ ಮತ್ತು ಇಸಿಯು ಮಧ್ಯೆ ಕೂತು ಇಂಜೆಕ್ಷನ್ ಲೆಕ್ಕ ಬದಲಿಸೋ ಪಿಗ್ಗಿಬ್ಯಾಕ್‌ಗಳು. ಬೂಸ್ಟ್ ಕಂಟ್ರೋಲರ್ ಮುಟ್ಟೋದು ಗಾಳಿಯನ್ನ ಮಾತ್ರ. ದುಡ್ಡು ಕೊಡೋ ಮೊದಲು ನಿಮ್ಮ ಕೈಯಲ್ಲಿರೋದು ಯಾವುದು ಅಂತ ಕೇಳಿ.

ಭಾಗ 7/9: ಹಾಕೋರು ಹೆಂಗೆ ಹಾಕ್ತಾರೆ

ಹಂಗಾದರೆ ಡೀಸೆಲ್‌ಗೆ ಈ ಡಬ್ಬಿ ಯಾರೂ ಹಾಕಲ್ವಾ? ಹಾಕ್ತಾರೆ. ಹಳೇ ಮೆಕ್ಯಾನಿಕಲ್ ಪಂಪಿನ ಜೀಪಿಗೆ ದೊಡ್ಡ ಟರ್ಬೊ ಅಥವಾ ವಿಜಿಟಿ ಕೂರಿಸಿದಾಗ ಅದನ್ನ ಆಳೋಕೆ ಇಸಿಯು ಇರಲ್ಲ. ಅಲ್ಲಿ ಇದು ನಿಜವಾಗಿ ಬೇಕಾದ ಸಾಮಾನು. ಸರಿಯಾಗಿ ಮಾಡೋರ ಕ್ರಮ ಹೀಗಿರುತ್ತೆ:

1. ಮೊದಲು ಯಾವ ಟರ್ಬೊ ಅಂತ ನೋಡೋದು. ಹೋಸಿನ ಒತ್ತಡದಲ್ಲಿ ಓಡೋ ವೇಸ್ಟ್‌ಗೇಟಾ, ವ್ಯಾಕ್ಯೂಮ್‌ನಲ್ಲಿ ಓಡೋ ವಿಜಿಟಿನಾ, ಇಲ್ಲಾ ಕರೆಂಟಿನ ಮೋಟರಾ. ಮೂರನೇದಾದರೆ ವಾಲ್ವ್ ಸಿಕ್ಕಿಸೋಕೆ ಹೋಸೇ ಇರಲ್ಲ.

2. ಏರ್ ಫಿಲ್ಟರ್, ಇಂಟರ್‌ಕೂಲರ್ ಹೋಸು, ಕ್ಲಾಂಪು, ಆಯಿಲ್ ಎಲ್ಲ ಪರೀಕ್ಷೆ. ಎಷ್ಟೋ ಗಾಡಿ "ಪಿಕಪ್ ಇಲ್ಲ" ಅನ್ನೋದು ಬಿರುಕುಬಿಟ್ಟ ಒಂದು ಹೋಸಿನಿಂದ.

3. ಎರಡು ಮೀಟರ್: ಬೂಸ್ಟ್‌ಗೆ ಒಂದು, ಎಕ್ಸಾಸ್ಟ್ ಬಿಸಿಗೆ ಒಂದು. ಬಿಸಿ ಅಳೆಯೋ ಕಡ್ಡಿ ಟರ್ಬೊಗಿಂತ ಮೊದಲು, ಮ್ಯಾನಿಫೋಲ್ಡಿನಲ್ಲಿ ಇರಬೇಕು. ಮ್ಯಾನಿಫೋಲ್ಡ್ ಬಿಚ್ಚಿಯೇ ತೂತು ಹೊಡೀಬೇಕು, ಇಲ್ಲದಿದ್ದರೆ ಕಬ್ಬಿಣದ ಚೂರು ನೇರ ಟರ್ಬೊ ಚಕ್ರಕ್ಕೆ. 700 ಡಿಗ್ರಿ ದಾಟಿ ಹೊತ್ತು ಹಿಡಿದರೆ ಕಾಲು ಎತ್ತೋದು ಒಳ್ಳೇದು. ಪಿಸ್ಟನ್ನಿನ ಅಲ್ಯೂಮಿನಿಯಂ ಕರಗೋದು 660ರ ಹತ್ತಿರ, ಅದನ್ನ ಉಳಿಸಿರೋದು ಆಯಿಲ್ ಮತ್ತು ಕೂಲಂಟು.

4. ಸೊಲೆನಾಯ್ಡ್ ಬಿಸಿಯಿಂದ ದೂರ, ಹೋಸು ಗಿಡ್ಡ, ಕರೆಂಟ್ ಲೈನಿಗೆ ಫ್ಯೂಸ್.

5. ಎಲ್ಲಕ್ಕಿಂತ ಮುಖ್ಯ: ಫ್ಯೂಸ್ ಕಿತ್ತು ಗಾಡಿ ಓಡಿಸಿ ನೋಡೋದು. ಕರೆಂಟ್ ಹೋದರೆ ಬೂಸ್ಟ್ ಸ್ಪ್ರಿಂಗಿನ ಮಟ್ಟಕ್ಕೆ ಇಳೀಬೇಕು. ಏರಿದರೆ ಹೋಸು ಉಲ್ಟಾ ಹಾಕಿದ್ದಾರೆ ಅಂತ. ಹಳೇ ಕಾವಲುಗಾರನನ್ನ ಮನೆಗೆ ಕಳಿಸಬಾರದು, ಹೊಸಬ ಮಲಗಿದಾಗ ಅವನೇ ಏಳಬೇಕು.

6. ಸೊನ್ನೆಯಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಏರಿಸೋದು. ಮಿತಿ ದಾಟಿದರೆ ತಾನೇ ಕಡಿಯೋ ಸೆಟ್ಟಿಂಗ್ ಇಲ್ಲದ ಡಬ್ಬಿ ಬೇಡವೇ ಬೇಡ.

ಭಾಗ 8/9: ಊಟಿ ಲೆಕ್ಕ

ಗುಂಡ್ಲುಪೇಟೆಯಿಂದ ಒಂದು ರೋಡು ಕೋಯಿಕ್ಕೋಡಿಗೆ, ಅಂದರೆ ಸಮುದ್ರಮಟ್ಟಕ್ಕೆ. ಇನ್ನೊಂದು ರೋಡು ಊಟಿಗೆ, 2,240 ಮೀಟರ್. ಒಂದೇ ಗಾಡಿ ಎರಡೂ ಕಡೆ ಬಾಡಿಗೆಗೆ ಹೋಗುತ್ತೆ. ಇದು ಬಯಲುಸೀಮೆಯವರಿಗಿಲ್ಲದ ನಮ್ಮ ತಾಪತ್ರಯ.

ಕ್ಯಾಲ್ಕುಲೇಟರ್ ತೆಗೀರಿ. ಮೀಟರಲ್ಲಿ 1 ಬಾರ್ ಬೂಸ್ಟ್ ಅಂತ ಇಟ್ಟುಕೊಳ್ಳಿ. ಕೋಯಿಕ್ಕೋಡಿನಲ್ಲಿ ಹೊರಗಿನ ಗಾಳಿ 1 ಬಾರ್, ಒಳಗೆ 2. ಟರ್ಬೊ ಗಾಳಿಯನ್ನ 2 ಪಟ್ಟು ಒತ್ತಬೇಕು. ಊಟಿಯಲ್ಲಿ ಹೊರಗೆ ಸುಮಾರು 0.77, ಒಳಗೆ 1.77. ಭಾಗಿಸಿದರೆ 2.3 ಪಟ್ಟು. ಮೀಟರ್ ಮುಳ್ಳು ಎರಡೂ ಕಡೆ ಒಂದೇ ಜಾಗದಲ್ಲಿ, ಆದರೆ ಟರ್ಬೊ ಊಟಿಯಲ್ಲಿ ಜಾಸ್ತಿ ಜೋರಾಗಿ ತಿರುಗ್ತಿದೆ. ಡ್ರೈವರಿಗೆ ಗೊತ್ತೇ ಆಗಲ್ಲ.

ಈಗಿನ ಇಸಿಯುಗಳು ಹೊರಗಿನ ಗಾಳಿಯ ಒತ್ತಡವನ್ನೂ ನೋಡಿ, ಎತ್ತರ ಹೋದಂತೆ ಬೂಸ್ಟನ್ನ ತಾವೇ ತಗ್ಗಿಸುತ್ತವೆ. ಹೊರಗಿಂದ ತಂದ ಅಗ್ಗದ ಡಬ್ಬಿಗೆ ಮೈಸೂರು ಯಾವುದು, ಊಟಿ ಯಾವುದು ಗೊತ್ತಿಲ್ಲ. ಬಿಎಸ್ 6 ಗಾಡಿಯಾದರೆ ಇನ್ನೊಂದು ಕಾಟ: ಡೀಸೆಲ್ ಜಾಸ್ತಿ ಸುಟ್ಟು ಮಸಿ ಬಂದರೆ ಡಿಪಿಎಫ್ ಅನ್ನೋ ಮಸಿ ಜರಡಿ ಬೇಗ ಕಟ್ಟಿಕೊಳ್ಳುತ್ತೆ.

ಭಾಗ 9/9: ಬಿಕಾಂ ಹುಡುಗನ ಲೆಕ್ಕ

ಅಕೌಂಟ್ಸ್ ಕ್ಲಾಸಿನಲ್ಲಿ ಎಎಸ್ 29 ಓದಿದ್ದೀವಲ್ಲ, ಕಾಂಟಿಂಜೆಂಟ್ ಲಯಬಿಲಿಟಿ. ಇವತ್ತು ಸಾಲ ಅಲ್ಲ, ಆದರೆ ನಾಳೆ ಒಂದು ಘಟನೆ ಆದರೆ ಸಾಲ. ಬೂಸ್ಟ್ ಡಬ್ಬಿ ಪಕ್ಕಾ ಅದೇ. ಬಿಲ್ಲಿನಲ್ಲಿ ಕಾಣೋದು ಡಬ್ಬಿಯ ರೇಟು. ಕಾಣದೇ ಇರೋದು: ಟರ್ಬೊ ಹೋದರೆ ವಾರಂಟಿ ಕೊಡ್ತಾರಾ, ಅಪಘಾತ ಆದರೆ ಇನ್ಶೂರೆನ್ಸ್ ಕಂಪನಿ ಪ್ರಶ್ನೆ ಎತ್ತುತ್ತಾ, ಗಾಡಿ ಶೆಡ್ಡಲ್ಲಿ ನಿಂತ ದಿನಗಳ ಬಾಡಿಗೆ ಯಾರು ಕೊಡ್ತಾರೆ. ಇಎಂಐ ಮಾತ್ರ ನಿಲ್ಲಲ್ಲ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಪ್ರಕಾರ, ಆರ್‌ಸಿಯ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗೋ ಹಂಗೆ ಗಾಡಿ ಬದಲಿಸುವಂತಿಲ್ಲ. ಕೇರಳದಿಂದ ಹೋದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಖಡಕ್ಕಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಕಾನೂನಿಗೆ ವಿರುದ್ಧವಾಗಿ ಬಿಡಿಭಾಗ ಹಾಕಿ ಮಾಡಿದ ಪ್ರತಿ ಮಾರ್ಪಾಡಿಗೂ ಮಾಲೀಕನಿಗೆ ₹5,000 ದಂಡ, ಅಥವಾ 6 ತಿಂಗಳ ತನಕ ಜೈಲು, ಅಥವಾ ಎರಡೂ ಅಂತ ಬಂತು. ದಂಡ ಬೀಳೋದು ರೀಲ್ಸ್ ಮಾಡಿದವನಿಗಲ್ಲ, ಆರ್‌ಸಿಯಲ್ಲಿ ಹೆಸರಿರೋ ನಮ್ಮಪ್ಪ, ನಮ್ಮಣ್ಣಂದಿರಿಗೆ.

ಕೊನೇದಾಗಿ 9 ಗಂಟೆ ವಿಷಯ. ಮದ್ದೂರು ದಾಟಿದ ಮೇಲೆ ಕಾಡಿನ ರೋಡಲ್ಲಿ ಹಂಪ್ ಮೇಲೆ ಹಂಪ್. ಆನೆ, ಕಡವೆ, ಜಿಂಕೆ ಅಡ್ಡ ಬರೋ ಜಾಗ. ಅಲ್ಲಿ ಜಾಸ್ತಿ ಪವರ್ ಇದ್ದು ಏನ್ ಮಾಡ್ತೀರಾ? ಗೇಟು ಬೀಳೋ ಮೊದಲು ತಲುಪಬೇಕು ಅಂದರೆ ತೆರಕಣಾಂಬಿಯಲ್ಲೋ ಗುಂಡ್ಲುಪೇಟೆಯಲ್ಲೋ ಅರ್ಧ ಗಂಟೆ ಮುಂಚೆ ಲೋಡು ಕಟ್ಟಿ ಹೊರಡೋದೇ ದಾರಿ. ಆ ಅರ್ಧ ಗಂಟೆಯನ್ನ ಯಾವ ಡಬ್ಬಿಯೂ ಕೊಡಲ್ಲ.

ನನ್ನ ಉತ್ತರ: ಇಸಿಯು ಇರೋ, ದುಡಿಯೋ ಪಿಕಪ್‌ಗೆ ಬೇಡ. ಟರ್ಬೊ ಬದಲಿಸಿದ ಹಳೇ ಮೆಕ್ಯಾನಿಕಲ್ ಜೀಪಾದರೆ, ಕಾಗದಪತ್ರ ಸರಿ ಇದ್ದು, ಎರಡು ಮೀಟರ್ ಮತ್ತು ಫ್ಯೂಸ್ ಪರೀಕ್ಷೆ ಇದ್ದರೆ ಮಾತ್ರ ಯೋಚನೆ ಮಾಡಿ.

ಈ ಭಾನುವಾರ ಒಂದು ಕೆಲಸ: ಮನೆ ಗಾಡಿಯ ಬಾನೆಟ್ ಎತ್ತಿ ಏರ್ ಫಿಲ್ಟರ್ ತೆಗೆದು ಬಿಸಿಲಿಗೆ ಹಿಡಿದು ನೋಡಿ, ಇಂಟರ್‌ಕೂಲರ್ ಹೋಸಿನ ಕ್ಲಾಂಪ್ ಬಳಿ ಆಯಿಲ್ ಜಿನುಗಿದೆಯಾ ನೋಡಿ. ಯಾವ ಗಾಡಿ, ಏನು ಸಿಕ್ಕಿತು ಅಂತ ಕಾಮೆಂಟ್ ಹಾಕಿ. ಡಬ್ಬಿಗೆ ಅಡ್ವಾನ್ಸ್ ಕೊಡೋಕೆ ಹೊರಟಿರೋ ಫ್ರೆಂಡಿಗೆ ಇದನ್ನ ಇವತ್ತೇ ಕಳಿಸಿ.

#ಮದ್ದೂರು #ಗುಂಡ್ಲುಪೇಟೆ #ಚಾಮರಾಜನಗರ #ಟರ್ಬೊಡೀಸೆಲ್ #ಗಾಡಿಇತಿಹಾಸ #ಹೆದ್ದಾರಿ766